1780ರ ಹೊಸ ನಾಣ್ಯ

ಮಸ್ಕತ್

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ.

ಫೋಟೋ ನೋಡಿ, 1780 ಎಂದು ಬರೆದಿರುವ ನಾಣ್ಯ ಇಷ್ಟು ಹೊಸದಾಗಿ ಹೊಳೆಯುವುದು ಹೇಗೆ, ಅಂಗಡಿಯವನು ನಿನಗೆ ಟೋಪಿ ಹಾಕಿದ್ದಾನೆ ಎಂದಿರಿ. ಬೆಳ್ಳಿ ಅಸಲಿಯೇ. ತೂಕ 28 ಗ್ರಾಂ, ಸಾವಿರಕ್ಕೆ 833 ಪಾಲು ಶುದ್ಧ. ಇಸವಿ ಮಾತ್ರ ಬೇಕೆಂದೇ ಅಲ್ಲಿ ನಿಂತುಬಿಟ್ಟಿದೆ.

ನಾಣ್ಯದ ಮೇಲಿರುವ ದುಂಡು ಮುಖದ ಹೆಂಗಸು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ. ಆಕೆ ತೀರಿಕೊಂಡದ್ದು 1780ರ ನವೆಂಬರಿನಲ್ಲಿ. ಮಗ ಜೋಸೆಫ್ ಪಟ್ಟದಲ್ಲಿದ್ದರೂ ತಾಯಿಯ ಮುಖ, ತಾಯಿ ಸತ್ತ ವರ್ಷ ಎರಡನ್ನೂ ಹಾಗೆಯೇ ಉಳಿಸಿ ಅಚ್ಚು ಹಾಕಿಸಿದ. ಮಾತೃಭಕ್ತಿಗಿಂತ ವ್ಯಾಪಾರವೇ ಇದಕ್ಕೆ ಕಾರಣ ಎಂದು ನನಗನ್ನಿಸುತ್ತದೆ. ಯೆಮೆನ್ನಿನ ಕಾಫಿ ಯುರೋಪಿಗೆ ಬೇಕಿತ್ತು; ಬದಲಿಗೆ ಯುರೋಪು ಕೊಡಬಹುದಾದ ಸರಕಿನಲ್ಲಿ ಈ ಕಡೆಯವರು ಕೇಳುತ್ತಿದ್ದದ್ದು ಮುಖ್ಯವಾಗಿ ಬೆಳ್ಳಿಯನ್ನು. ತುರ್ಕರ ನಾಣ್ಯಗಳಲ್ಲಿ ಬೆಳ್ಳಿ ಕಡಿಮೆಯಾಗುತ್ತಾ ಹೋಗಿ ನಂಬಿಕೆ ಕೆಟ್ಟಿತ್ತು. ಥೇಲರ್ ಎಂದು ಕರೆಯುವ ಈ ನಾಣ್ಯದ ತೂಕ ಮಾತ್ರ ಕದಲಲಿಲ್ಲ. ಅಂಚಿನಲ್ಲಿ ಉಬ್ಬಕ್ಷರಗಳಿರುವುದರಿಂದ ಯಾರಾದರೂ ಕೆರೆದು ಬೆಳ್ಳಿ ಕದ್ದರೆ ತಕ್ಷಣ ಗೊತ್ತಾಗುತ್ತಿತ್ತು. ರಾಣಿಯ ಪದಕದ ಮುತ್ತುಗಳನ್ನು ಎಣಿಸಿ ನೋಡಿಯೇ ನಾಣ್ಯ ತೆಗೆದುಕೊಳ್ಳುವ ವರ್ತಕರಿದ್ದರು. ಅಂಥವರ ಮುಂದೆ ಇಸವಿ ಬದಲಿಸಲು ಯಾವ ಟಂಕಸಾಲೆಗೆ ಧೈರ್ಯ ಬಂದೀತು? 1858ರಲ್ಲಿ ಆಸ್ಟ್ರಿಯಾದಲ್ಲೇ ಇದರ ಚಲಾವಣೆ ನಿಂತರೂ ವಿಯೆನ್ನಾದಲ್ಲಿ ಅಚ್ಚು ಹಾಕುವುದು ನಿಲ್ಲಲಿಲ್ಲ.

ಈ ನಾಣ್ಯ ನಡೆಯುತ್ತಿದ್ದ ಇಥಿಯೋಪಿಯಾದ ದೊರೆ ಮೆನೆಲಿಕ್ ತನ್ನದೇ ಮುಖದ ಬೆಳ್ಳಿ ನಾಣ್ಯ ಮಾಡಿಸಿದ. ಜನ ಸತ್ತ ಪರದೇಶಿ ರಾಣಿಯನ್ನೇ ಹೆಚ್ಚು ನಂಬಿದರು!

ರಾಜಕೀಯದ ಕಥೆ ಇನ್ನೂ ಸ್ವಾರಸ್ಯ. ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋಗಲು ಹೊರಟ ಇಟಲಿಯ ಸರ್ವಾಧಿಕಾರಿ ಮುಸೊಲಿನಿಗೆ ಅಲ್ಲಿ ಕೂಲಿ ಕೊಡಲು, ಕಾಳು ಕೊಳ್ಳಲು ಈ ನಾಣ್ಯವೇ ಬೇಕಾಯಿತು. 1935ರಲ್ಲಿ ಆಸ್ಟ್ರಿಯಾದಿಂದ ಅಚ್ಚುಗಳನ್ನೇ ರೋಮಿಗೆ ತರಿಸಿಕೊಂಡ. ಕೆಂಪು ಸಮುದ್ರದ ಸುತ್ತ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷರಿಗೆ ನಾಣ್ಯ ಸಿಗದಂತಾಯಿತು. ಅವರೇನು ಸುಮ್ಮನಿರುವವರೇ? ಮರುವರ್ಷವೇ ಲಂಡನ್ನಿನಲ್ಲಿ ತಾವೇ ಅಚ್ಚು ಕೆತ್ತಿಸಿ ಹೊಡೆಯತೊಡಗಿದರು. ಬೇರೊಂದು ದೇಶದ ರಾಣಿಯ ನಾಣ್ಯವನ್ನು ಸರ್ಕಾರವೇ ಹೊಡೆಯುವುದೆಂದರೆ ನಮ್ಮ ಲೆಕ್ಕದಲ್ಲಿ ಖೋಟಾ ನಾಣ್ಯ. ಅವರ ಲೆಕ್ಕದಲ್ಲಿ ವಿದೇಶಾಂಗ ನೀತಿ. ಯುದ್ಧಕಾಲದಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ ಇವನ್ನು ಹೊಡೆದರು. ಅವುಗಳ ಮೇಲೂ 1780 ಎಂದೇ ಇದೆ.

ಒಮಾನಿನಲ್ಲಿ 1970ರಲ್ಲಿ ಸ್ವಂತ ರಿಯಾಲ್ ಬರುವವರೆಗೂ ಕರಾವಳಿಯಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಿಗೆಂದೇ ಹೊರಡಿಸಿದ ಕೊಲ್ಲಿ ರೂಪಾಯಿ, ಒಳನಾಡಿನಲ್ಲಿ ಈ ಥೇಲರ್ ನಡೆಯುತ್ತಿದ್ದವು. ಇಲ್ಲಿನ ಮತ್ರಾ ಪೇಟೆಯಲ್ಲಿ ಈಗ ಥೇಲರ್ ಹಳೆಯ ಸರಗಳಲ್ಲಿ ಪದಕವಾಗಿ ತೂಗುತ್ತದೆ. ವಿಯೆನ್ನಾದಲ್ಲಿ ಇಂದಿಗೂ ಹೊಸದಾಗಿ ಹೊಡೆಯುತ್ತಾರೆ. ನಾನು ಕೊಂಡದ್ದು ಯಾವ ಊರಿನದೋ, ಹೇಳಲಾರೆ.

ಅಮ್ಮ ಅದನ್ನು ಕರಗಿಸಿ ಕುಂಕುಮದ ಭರಣಿ ಮಾಡಿಸುವುದಾಗಿ ಹೇಳಿದರಂತೆ. ಇಲ್ಲಿನವರೂ ಎಷ್ಟೋ ಥೇಲರುಗಳನ್ನು ಕರಗಿಸಿಯೇ ಒಡವೆ ಮಾಡಿಸಿಕೊಂಡವರು, ಬೇಡವೆನ್ನಲು ನನಗೆ ಬಾಯಿಲ್ಲ. ಆದರೆ ಒಂದು ನಾಣ್ಯದ ಬೆಳ್ಳಿ ಭರಣಿಗೆ ಸಾಲದು ಎಂದು ನೀವೇ ತಿಳಿಸಿ ಹೇಳಿ.

ಇತಿ ನಿಮ್ಮ ಮಗಳು