ಕಿಟ್ ಬಂದಿದೆ, ಕನ್ನಡದಲ್ಲಿ ಕಲಿಸುವವರು ಬರಲಿ: ಮಂಜೇಶ್ವರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಾಸರಗೋಡು ಜಿಲ್ಲೆಯ ನಮ್ಮ ಭಾಗದ ಕನ್ನಡ ಶಾಲೆಗಳ ಬಗ್ಗೆ ನಿಮಗೆ ಬರುವ ಮನವಿಗಳಲ್ಲಿ ಕಟ್ಟಡ, ಆಟದ ಮೈದಾನ, ಬಸ್ಸು ಇಂಥವೇ ಹೆಚ್ಚು. ನಾನು ಬರೆಯುತ್ತಿರುವುದು ತರಗತಿಯ ಒಳಗೆ ನಡೆಯುವ ಕಲಿಕೆಯ ಬಗ್ಗೆ ಮತ್ತು ಶಾಲೆಯ ಹಿಂದಿರುವ ಗುಡ್ಡೆಯ ಬಗ್ಗೆ. ಇವೆರಡೂ ಬೇರೆ ಬೇರೆ ಇಲಾಖೆಯ ಕಡತಗಳಲ್ಲಿ ಇರುತ್ತವೆ. ಆದರೆ ಒಟ್ಟಿಗೆ ನೋಡಿದರೆ ಮಾತ್ರ ಎರಡಕ್ಕೂ ಒಳ್ಳೆಯದಾಗುತ್ತದೆ ಎಂದು ವರ್ಷಗಟ್ಟಲೆ ವಿಜ್ಞಾನ ಪಾಠ ಮಾಡಿದ ನನಗೆ ಅನ್ನಿಸಿದೆ.

2025-26ರ ಶಾಲಾ ವರ್ಷದಿಂದ ಕೇರಳದಲ್ಲಿ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಾಠದ ಭಾಗವಾಗಿ ರೋಬೋಟಿಕ್ಸ್ ಬಂದಿದೆ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆಯ ಕಿಟ್‌ನಲ್ಲಿ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಐಆರ್ (ಅವಗೆಂಪು) ಸೆನ್ಸರ್, ಹೇಳಿದ ಕೋನಕ್ಕೆ ತಿರುಗುವ ಸರ್ವೋ ಮೋಟರ್, ಜಂಪರ್ ವಯರುಗಳು ಇವೆ. ಪುಸ್ತಕ ಕನ್ನಡದಲ್ಲೂ ಇದೆ. ಶ್ರೀಮಂತರ ಮಕ್ಕಳು ಓದುವ ಶಾಲೆಗಳಲ್ಲಿ ಮಾತ್ರ ಕಾಣುತ್ತಿದ್ದ ವಸ್ತುಗಳು ಬಾಯಾರು, ಪೈವಳಿಕೆ, ಮೀಂಜ, ವರ್ಕಾಡಿಯ ಮಕ್ಕಳ ಕೈಗೂ ಸಿಗುವಂತಾದದ್ದು ದೊಡ್ಡ ಸಂಗತಿ. ಇದಕ್ಕಾಗಿ ಸರಕಾರವನ್ನು ಮನಸಾರೆ ಅಭಿನಂದಿಸುತ್ತೇನೆ.

ಕೊರತೆ ಇರುವುದು ಇನ್ನೊಂದು ಕಡೆ. ಕಿಟ್ಟಿಗೂ ಪುಸ್ತಕಕ್ಕೂ ನಡುವೆ ನಿಂತು ಮಕ್ಕಳ ಜತೆ ಕನ್ನಡದಲ್ಲಿ ಮಾತಾಡುವ ಟೀಚರ್ ಎಲ್ಲ ಶಾಲೆಯಲ್ಲಿ ಇಲ್ಲ. ಜತೆಗೆ, ಆ ರೋಬೋಟಿಗೆ ನಮ್ಮ ಊರಿನಲ್ಲಿ ಮಾಡಲು ಒಂದು ಕೆಲಸವನ್ನೂ ನಾವು ಕೊಟ್ಟಿಲ್ಲ.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ನಮ್ಮ ಪದವುಗಳನ್ನು ನೀವು ಮಳೆಗಾಲದಲ್ಲಿ ನೋಡಿದ್ದೀರಿ. ಬರೀ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು, ಅದರ ಮೇಲೆ ಬೆರಳುದ್ದದ ಹುಲ್ಲು, ತಗ್ಗಿನಲ್ಲಿ ನಿಂತ ನೀರಿನ ಅಂಚಿಗೆ ಯುಟ್ರಿಕ್ಯುಲೇರಿಯಾದ ನೀಲಿ ಹೂವುಗಳು. ಸಣ್ಣ ಸಣ್ಣ ಕೀಟಗಳನ್ನು ಹಿಡಿದು ತಿನ್ನುವ ಗಿಡ ಅದು. ಮಣ್ಣಿನಲ್ಲಿ ಸಾರವಿಲ್ಲದ ಕಡೆ ಬದುಕಲು ಅದು ಕಂಡುಕೊಂಡ ದಾರಿ. ಈ ಪದವುಗಳ ಅಂಚಿನಿಂದ ಈಗ ಕಮ್ಯುನಿಸ್ಟ್ ಗಿಡ (ಕ್ರೊಮೊಲೇನಾ ಎಂಬ ಕಳೆ) ಏರಿ ಬರುತ್ತಿದೆ. ತೋಟದ ಬೇಲಿಯ ಮೇಲೆ, ತೋಡಿನ ಬದಿಯ ಮರಗಳ ಮೇಲೆ ಮೈಕೇನಿಯಾ ಬಳ್ಳಿ ಹೊದ್ದುಕೊಂಡಿದೆ. ಮನೆಯಂಗಳಕ್ಕೆ ಚಂದಕ್ಕೆಂದು ತಂದ ಹಳದಿ ಹೂವಿನ ವೆಡೇಲಿಯಾ ಗದ್ದೆಯ ಹುಣಿ ದಾಟಿ ಇಳಿದಿದೆ. ಇವು ಮೂರೂ ಅಮೆರಿಕ ಖಂಡಗಳಿಂದ ಬಂದವು. ಅಲ್ಲಿ ಇವನ್ನು ತಿನ್ನುವ ಹುಳ, ಇವಕ್ಕೆ ರೋಗ ತರುವ ಶಿಲೀಂಧ್ರ ಇವೆ. ಗಿಡ ಬಂತು, ಅದನ್ನು ಅಂಕೆಯಲ್ಲಿ ಇಡುವವು ಬರಲಿಲ್ಲ.

ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸವನ್ನು ಗಾಯಕ್ಕೆ ಹಿಂಡುವ ಹಿರಿಯರು ನಮ್ಮಲ್ಲಿ ಇದ್ದಾರೆ, ತೋಟಕ್ಕೆ ಸೊಪ್ಪಾಗಿ ಹಾಕುವವರೂ ಇದ್ದಾರೆ. ಗಿಡವನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕರಿಜಾಲಿ ಮತ್ತು ಎಲಚಿ ಕೂಡ ಹೀಗೆಯೇ ಹೊರಗೆ ಹೋಗಿ ಆಸ್ಟ್ರೇಲಿಯಾದ ಉತ್ತರ ಭಾಗದ ಹುಲ್ಲುಗಾವಲುಗಳಲ್ಲಿ ದೊಡ್ಡ ಪಿಡುಗಾಗಿವೆ. ಅಲ್ಲಿನ ರೈತರು ಅವನ್ನು ಕಿತ್ತು ಸುಸ್ತಾಗಿದ್ದಾರೆ.

ಈ ಆಸ್ಟ್ರೇಲಿಯಾದ ವಿಷಯವೇ ರೋಬೋಟಿನ ಪಾಠಕ್ಕೆ ಸೇರುತ್ತದೆ. ಅಲ್ಲಿನ ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಸಂಶೋಧಕರು ಕಳೆ ಗುರುತಿಸುವ ರೋಬೋಟಿಗಾಗಿ 'ಡೀಪ್‌ವೀಡ್ಸ್' ಎಂಬ ಚಿತ್ರಸಂಗ್ರಹವನ್ನು 2019ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಎಂಟು ಬಗೆಯ ಕಳೆಗಳು, ಒಟ್ಟು 17,509 ಚಿತ್ರಗಳು, ಎಲ್ಲವೂ ಬಯಲಿನಲ್ಲೇ ತೆಗೆದವು. ಆ ಎಂಟರಲ್ಲಿ ಕರಿಜಾಲಿ ಇದೆ, ಎಲಚಿ ಇದೆ, ಲಂಟಾನ ಇದೆ, ನಮ್ಮ ಗುಡ್ಡೆಯ ಕಮ್ಯುನಿಸ್ಟ್ ಗಿಡವೂ ಇದೆ. ಆ ಚಿತ್ರಗಳಿಂದ ಕಲಿತ ಕಂಪ್ಯೂಟರ್ ಸುಮಾರು 95 ಶೇಕಡಾ ಸರಿಯಾಗಿ ಗುರುತಿಸಿತು. ನನ್ನ ಗಮನ ಸೆಳೆದದ್ದು ಇನ್ನೊಂದು ವಿಷಯ. ಆ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕಳೆಗಳೇ ಇಲ್ಲದ ಚಿತ್ರಗಳು. ಯಾವುದು ಕಳೆ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಸಾಲದು, ಯಾವುದು ಕಳೆಯಲ್ಲ ಎಂದೂ ಅಷ್ಟೇ ಚೆನ್ನಾಗಿ ತೋರಿಸಬೇಕು.

ಅಂದರೆ ನಮ್ಮ ಮಕ್ಕಳು ಇಂಥ ಒಂದು ಸಂಗ್ರಹ ಮಾಡಬೇಕಾದರೆ ನಮ್ಮ ಗುಡ್ಡೆಯದೇ ಗಿಡಗಳಾದ ಕೇಪುಳ ಯಾವುದು, ಕುಂಟಾಲ ಯಾವುದು, ನೆಲ್ಲಿಯ ಎಳೆ ಗಿಡ ಹೇಗಿರುತ್ತದೆ ಎಂದು ತಿಳಿದಿರಬೇಕು. ಇದನ್ನು ಹೇಳಿಕೊಡಬಲ್ಲವರು ಮನೆಯಲ್ಲಿದ್ದಾರೆ. ಗುಡ್ಡೆಗೆ ಸೊಪ್ಪಿಗೆ ಹೋಗಿ ಬಂದ ಅಜ್ಜಿಯರು, ಮೂಲಿಕೆ ಬಲ್ಲ ಅಜ್ಜಂದಿರು. ಅವರು ತುಳುವಿನಲ್ಲಿ, ಕನ್ನಡದಲ್ಲಿ, ಮರಾಟಿಯಲ್ಲಿ ಹೇಳುತ್ತಾರೆ. ಮಕ್ಕಳ ಮೊಬೈಲಿನಲ್ಲಿ ಕ್ಯಾಮರಾ ಇದೆ, ಶಾಲೆಯಲ್ಲಿ ಲ್ಯಾಪ್‌ಟಾಪ್ ಇದೆ. ಇವರನ್ನೆಲ್ಲ ಒಂದು ಕಡೆ ಸೇರಿಸುವ ಅಧ್ಯಾಪಕರು ಬೇಕು.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ನೆರೆಯ ಕೆಲವು ಮಕ್ಕಳು ತಾವು ಜೋಡಿಸಿದ ಗಾಡಿಯನ್ನು ಪದವಿನ ಮೇಲೆ ಓಡಿಸಲು ತಂದಿದ್ದರು. ಬಿಳಿ ಕಾಗದದ ಮೇಲೆ ಅಂಟಿಸಿದ ಕಪ್ಪು ಗೆರೆಯನ್ನು ಹಿಡಿದು ಚೆನ್ನಾಗಿ ಹೋಗುತ್ತಿದ್ದ ಗಾಡಿ. ಮುರಕಲ್ಲಿನ ಮೇಲೆ ಇಟ್ಟದ್ದೇ ತಡ, ಎಲ್ಲಿಗೋ ತಿರುಗಿ ನಿಂತಿತು. ಐಆರ್ ಸೆನ್ಸರ್ ಅವಗೆಂಪು ಕಿರಣ ಬಿಟ್ಟು, ಅದು ಎಷ್ಟು ಮರಳಿ ಬಂತು ಎಂದು ನೋಡುತ್ತದೆ. ಬಿಳಿಯಿಂದ ಹೆಚ್ಚು ಮರಳುತ್ತದೆ, ಕಪ್ಪಿನಿಂದ ಕಡಿಮೆ. ಪಾಚಿ ಒಣಗಿ ಕಪ್ಪಾದ ಕಲ್ಲಿನ ಮೇಲೆ ಅದಕ್ಕೆ ಎಲ್ಲ ಕಡೆಯೂ ಗೆರೆಯೇ ಕಂಡಿತು. ಬಿಸಿಲಿಗೆ ಬಂದಾಗ ಇನ್ನೂ ಗೊಂದಲ, ಯಾಕೆಂದರೆ ಬಿಸಿಲಿನಲ್ಲೇ ಅವಗೆಂಪು ಕಿರಣ ಧಾರಾಳ ಇದೆ. ಒಬ್ಬಳು ಹುಡುಗಿ ಅಡಿಕೆ ಹಾಳೆಯ ತುಂಡು ಕತ್ತರಿಸಿ ಸೆನ್ಸರಿಗೆ ಸುತ್ತ ಮರೆ ಕಟ್ಟಿದಳು. ಬಿಸಿಲಿನ ಕಾಟ ತಪ್ಪಿತು, ಕಲ್ಲಿನ ಕಪ್ಪು ತಪ್ಪಲಿಲ್ಲ. ಆಮೇಲೆ ಗೆರೆಯ ಗೊಡವೆ ಬಿಟ್ಟು ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಲೆಕ್ಕ ಹಾಕಿ ಓಡಿಸಿದರು. ಜಲ್ಲಿಯ ಮೇಲೆ ಚಕ್ರ ಜಾರಿ ಆ ಲೆಕ್ಕವೂ ತಪ್ಪಿತು. ಅದು ಯಾಕೆ ತಪ್ಪಿತು ಎಂದು ತುಳು ಕನ್ನಡ ಬೆರೆಸಿ ಅವರು ವಾದ ಮಾಡುತ್ತಿದ್ದುದನ್ನು ಕೇಳುತ್ತಾ ನಿಂತಿದ್ದ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯಲು ಆಗುವುದಿಲ್ಲ. ರೋಬೋಟಿಗೆ ದಾರಿ ಹುಡುಕಿಕೊಡುವ ವಿಜ್ಞಾನದ ಮೂಲ ಪ್ರಶ್ನೆಗಳು ಇವೇ. ನಾನು ಎಲ್ಲಿದ್ದೇನೆ, ಎದುರು ಏನಿದೆ, ಯಾವ ಕಡೆ ಹೋಗಬೇಕು. 2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಚಂದ್ರಯಾನ-3ರ ಪ್ರಜ್ಞಾನ್ ರೋವರಿಗೆ 3 ಮೀಟರ್ ಮುಂದೆ 4 ಮೀಟರ್ ಅಗಲದ ಕುಳಿ ಎದುರಾದಾಗ, ಇಸ್ರೋದವರು ಅದನ್ನು ಬಂದ ದಾರಿಯಲ್ಲೇ ಹಿಂದೆ ತಿರುಗಿಸಿ ಬೇರೆ ಕಡೆಯಿಂದ ಕರೆದೊಯ್ದರು. ಆ ಮಕ್ಕಳಿಗೆ ಈ ಕತೆ ಹೇಳಿದಾಗ ಅವರು ಕೇಳಿದ ಪ್ರಶ್ನೆಗಳು ಪಠ್ಯಪುಸ್ತಕದ ಪ್ರಶ್ನೆಗಳಿಗಿಂತ ಚೆನ್ನಾಗಿದ್ದವು.

ಅದೇ ಮಕ್ಕಳು ತರಗತಿಯಲ್ಲಿ ಮೌನ. ಅವರ ಶಾಲೆಯ ಹೆಸರು ಇಲ್ಲಿ ಬೇಡ. ಕನ್ನಡ ಮಾಧ್ಯಮದ ಆ ತರಗತಿಗೆ ಬಂದಿರುವ ಟೀಚರಿಗೆ ಕನ್ನಡ ಓದಲು ಬರುವುದಿಲ್ಲ. ಒಳ್ಳೆಯವರು, ಕಷ್ಟಪಡುತ್ತಾರೆ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಮಲಯಾಳದಲ್ಲಿ ವಿವರಿಸುತ್ತಾರೆ. ಮಕ್ಕಳು ಬೋರ್ಡಿನಲ್ಲಿದ್ದುದನ್ನು ಹಾಗೆಯೇ ಇಳಿಸಿಕೊಳ್ಳುತ್ತಾರೆ. ಸಂಶಯ ಬಂದರೆ ಕೇಳುವುದಿಲ್ಲ, ಕೇಳುವ ಭಾಷೆ ಯಾವುದೆಂದೇ ಅವರಿಗೆ ಗೊತ್ತಾಗುವುದಿಲ್ಲ. ತಪ್ಪು ಆ ಟೀಚರದ್ದಲ್ಲ. ಕನ್ನಡ ತರಗತಿಗೆ ಕನ್ನಡ ಬಾರದವರನ್ನು ಕಳುಹಿಸಬಹುದಾದ ನೇಮಕಾತಿಯ ಕ್ರಮದ್ದು. ಹೆತ್ತವರು ಶಾಲೆಯ ಗೇಟಿನ ಎದುರು ನಿಂತದ್ದು, ಧರಣಿ ಕೂತದ್ದು, ಕೋರ್ಟಿಗೆ ಹೋದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನದ ಏಳನೇ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕೆಂದು ಅದು ಹೇಳುತ್ತದೆ. ಹತ್ತನೇ ತರಗತಿ ಪ್ರಾಥಮಿಕವಲ್ಲ ಎಂದು ಯಾರಾದರೂ ವಾದಿಸಬಹುದು. ಸರಕಾರವೇ ಕನ್ನಡ ಮಾಧ್ಯಮದ ಹೈಸ್ಕೂಲು ನಡೆಸುತ್ತಿರುವಾಗ, ಕನ್ನಡದಲ್ಲೇ ಪುಸ್ತಕ ಅಚ್ಚು ಹಾಕುತ್ತಿರುವಾಗ, ಆ ವಾದಕ್ಕೆ ಅರ್ಥವಿಲ್ಲ.

ರೋಬೋಟಿಕ್ಸ್‌ನಂಥ ಪಾಠದಲ್ಲಿ ಮಾತು ಇಲ್ಲದಿದ್ದರೆ ಕಲಿಕೆಯೇ ಇಲ್ಲ. 2014ರಲ್ಲಿ ಅಮೆರಿಕದ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಗಣಿತ, ಇಂಜಿನಿಯರಿಂಗ್ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು 34 ಶೇಕಡಾ ಫೇಲಾಗಿದ್ದರು. ಚರ್ಚೆ ಮಾಡುತ್ತಾ, ಲೆಕ್ಕ ಬಿಡಿಸುತ್ತಾ, ಕೈಯಾರೆ ಮಾಡುತ್ತಾ ಕಲಿತವರಲ್ಲಿ ಸುಮಾರು 22 ಶೇಕಡಾ. ಚರ್ಚೆ ಮಾಡಬೇಕಾದರೆ ಟೀಚರಿಗೂ ಮಕ್ಕಳಿಗೂ ಒಂದು ಸಮಾನ ಭಾಷೆ ಬೇಡವೇ?

ಶಾಸಕರೇ, ಕಳೆ ನಿವಾರಣೆಗೆ ಸುಲಭದ ದಾರಿ ಹುಡುಕುವವರು ನಾಳೆ ಕಳೆನಾಶಕ ಸಿಂಪಡಿಸೋಣ ಎನ್ನಬಹುದು. ಎಣ್ಮಕಜೆಯಲ್ಲಿ ಆ ಮಾತನ್ನು ಎತ್ತುವ ಧೈರ್ಯ ಯಾರಿಗೂ ಬರಬಾರದು. ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತು ಎಂದು ತಿಳಿಯಲು ನಮಗೆ ವರದಿಗಳು ಬೇಕಿಲ್ಲ. ಇಲ್ಲಿ ಆಗಬೇಕಾದದ್ದು ತಿಳಿದು ಮಾಡುವ ಕೈಕೆಲಸ. ಈಗ ಆಗುತ್ತಿರುವುದು ಹಾಗಿಲ್ಲ. ಕಳೆ ಕೊಚ್ಚುವ ಮೆಷಿನಿನಿಂದ ಮೈಕೇನಿಯಾವನ್ನು ತುಂಡು ತುಂಡು ಮಾಡಿ ಅಲ್ಲೇ ಬಿಟ್ಟುಹೋಗುತ್ತಾರೆ. ಆ ಬಳ್ಳಿಯ ಪ್ರತಿ ಗೆಣ್ಣೂ ಬೇರು ಬಿಡಬಲ್ಲದು. ಒಂದು ಬಳ್ಳಿ ಇದ್ದಲ್ಲಿ ಮುಂದಿನ ಮಳೆಗೆ ಹತ್ತಾರು. ಕಮ್ಯುನಿಸ್ಟ್ ಗಿಡವನ್ನು ಬೀಜ ಗಾಳಿಗೆ ಹಾರಿದ ಮೇಲೆ ಕಡಿಯುತ್ತಾರೆ. ಬುಡ ಮಣ್ಣಿನಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲು, ಬೇರು ಸಮೇತ ಕೀಳಬೇಕು. ಎಲ್ಲಿ, ಯಾವಾಗ ಎಂದು ಹೇಳುವ ನಕ್ಷೆ ಪಂಚಾಯತಿನ ಕೈಯಲ್ಲಿದ್ದರೆ ಉದ್ಯೋಗ ಖಾತರಿ ಯೋಜನೆಯಲ್ಲಿ ದುಡಿಯುವ ಹೆಂಗಸರು ಅದೇ ಕೂಲಿಗೆ ಉಪಯೋಗಕ್ಕೆ ಬರುವ ಕೆಲಸ ಮಾಡಿಯಾರು.

ಆ ನಕ್ಷೆಯನ್ನು ಮಕ್ಕಳು ಮಾಡಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಇಡಬೇಕು. ಮಕ್ಕಳ ನಕ್ಷೆ ಆ ದಾಖಲೆಗೆ ಸೇರಲಿ. ನೋಡಿ ತಿದ್ದಿಕೊಡಲು ನಮ್ಮ ಜಿಲ್ಲೆಯಲ್ಲೇ ದೊಡ್ಡ ಸಂಸ್ಥೆಗಳಿವೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾಗಿ ಬೆಳೆದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕಾಸರಗೋಡಿನಲ್ಲಿದೆ, ಕೇಂದ್ರ ವಿಶ್ವವಿದ್ಯಾಲಯ ಪೆರಿಯದಲ್ಲಿದೆ. ಅಲ್ಲಿಂದ ಒಬ್ಬರು ಸಂಶೋಧಕರು ಆಗಾಗ ಶಾಲೆಗೆ ಬರುವಂತೆ ಮಾಡುವುದು ನಿಮ್ಮ ಒಂದು ಪತ್ರದಿಂದ ಆಗುವ ಕೆಲಸ. ಸಂಶೋಧನೆ ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ ಎಂಬುದನ್ನೂ ಅವರಿಂದಲೇ ಮಕ್ಕಳು ಕೇಳಲಿ. ದಕ್ಷಿಣ ಕೇರಳದ ಕುಟ್ಟನಾಡಿನ ನೀರನ್ನೆಲ್ಲ ಮುಚ್ಚಿದ್ದ ಆಫ್ರಿಕನ್ ಪಾಯಲ್ ಎಂಬ ನೀರಿನ ಕಳೆಯನ್ನು 1980ರ ದಶಕದಲ್ಲಿ ತಂದುಬಿಟ್ಟ ಒಂದು ಪುಟ್ಟ ದುಂಬಿ ಹತೋಟಿಗೆ ತಂದಿತು. ಮೈಕೇನಿಯಾಕ್ಕೆ ರೋಗ ತರುವ ತುಕ್ಕು ಶಿಲೀಂಧ್ರವನ್ನು 2006ರ ಹೊತ್ತಿಗೆ ಕೇರಳದಲ್ಲೂ ಬಿಟ್ಟು ನೋಡಿದರು. ಪಾಪುವಾ ನ್ಯೂಗಿನಿಯಲ್ಲಿ ನೆಲೆಯೂರಿದ ಅದು ಇಲ್ಲಿ ಉಳಿಯಲಿಲ್ಲ.

ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಸುರಂಗಗಳು. ಮುರಕಲ್ಲಿನ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ಹಾರೆ ಹಿಡಿದು ಹೋಗುವಷ್ಟೇ ಅಗಲದ ನೀರಿನ ದಾರಿಗಳು. ಒಳಗೆ ಕತ್ತಲು, ಉಪಗ್ರಹದ ಸಂಕೇತ ಸಿಗುವುದಿಲ್ಲ, ಕಾಲಡಿಗೆ ನೀರು. ಕೆಲವು ಕಡೆ ಮಣ್ಣು ಜರಿಯುವ ಭಯ. ಒಳಹೊಕ್ಕು ನೋಡಬಲ್ಲ ಹಳೆಯ ಕೆಲಸಗಾರರು ಕಡಿಮೆಯಾಗುತ್ತಿದ್ದಾರೆ. ಕ್ಯಾಮರಾ ಹೊತ್ತ ಒಂದು ಸಣ್ಣ ಗಾಡಿ ಒಳಗೆ ಹೋಗಿ ಎಲ್ಲಿ ಕುಸಿದಿದೆ ಎಂದು ತೋರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರ. ಜಿಪಿಎಸ್ ಇಲ್ಲದ ಕಡೆ ರೋಬೋಟ್ ನಡೆಸುವ ಕಷ್ಟವನ್ನು ಕಲಿಯಲು ಬಾಯಾರಿನ ಮಕ್ಕಳಿಗೆ ಇರುವಂಥ ಅನುಕೂಲ ದೊಡ್ಡ ನಗರದ ಮಕ್ಕಳಿಗೂ ಇಲ್ಲ.

ನಿಮ್ಮಿಂದ ನಾನು ಕೇಳುವುದಿಷ್ಟು. ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ: ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲು ತರಗತಿಗಳಲ್ಲಿ ವಿಜ್ಞಾನ, ಗಣಿತ ಮತ್ತು ಐಸಿಟಿ ಕಲಿಸುವವರಲ್ಲಿ ಕನ್ನಡ ಓದಿ ಬರೆಯಬಲ್ಲವರು ಎಷ್ಟು ಮಂದಿ, ಉಳಿದ ಜಾಗ ಯಾವಾಗ ತುಂಬುತ್ತದೆ. ಉತ್ತರ ಲಿಖಿತವಾಗಿ ಬರಲಿ. ಖಾಯಂ ನೇಮಕಾತಿಗೆ ತಡವಾಗುವುದಾದರೆ, ಕನ್ನಡದಲ್ಲೇ ಓದಿದ ನಮ್ಮೂರ ಇಂಜಿನಿಯರಿಂಗ್ ಪದವೀಧರರನ್ನು ದಿನಗೂಲಿಯ ಮೇಲಾದರೂ ರೋಬೋಟಿಕ್ಸ್ ತರಗತಿಗೆ ಕರೆಯಲು ಆದೇಶ ಮಾಡಿಸಿ. ಕೈಟ್‌ನವರು ಅಧ್ಯಾಪಕರಿಗೆ ಕೊಡುವ ತರಬೇತಿ ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲೂ ನಡೆಯಲಿ. ನಿಮ್ಮ ನಿಧಿಯಿಂದ ಕೊಡಬೇಕಾದದ್ದು ಹೆಚ್ಚೇನಿಲ್ಲ. ಹೊರಗೆ ಓಡಬಲ್ಲ ಚಕ್ರಗಳು, ಶಬ್ದದ ಅಲೆಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಬ್ಯಾಟರಿ, ಮಕ್ಕಳು ಗುಡ್ಡೆಗೆ ಹೋಗಿ ಬರಲು ಜೀಪಿನ ಬಾಡಿಗೆ.

ಕಮ್ಯುನಿಸ್ಟ್ ಗಿಡ ನಮ್ಮಲ್ಲಿ ಹೂ ಬಿಡುವುದು ಡಿಸೆಂಬರ್, ಜನವರಿಯಲ್ಲಿ. ಅದಕ್ಕೆ ಮೊದಲು ಎರಡು ಮೂರು ಪಂಚಾಯತುಗಳಲ್ಲಾದರೂ ಮಕ್ಕಳ ಮೊದಲ ನಕ್ಷೆ ಸಿದ್ಧವಾಗಬೇಕಾದರೆ ಓಣಂ ರಜೆ ಮುಗಿದ ಕೂಡಲೇ ಕೆಲಸ ಶುರುವಾಗಬೇಕು. ಶಾಲೆಯ ಮುಖ್ಯೋಪಾಧ್ಯಾಯರು, ಪಂಚಾಯತು ಅಧ್ಯಕ್ಷರು ಮತ್ತು ಹೆತ್ತವರನ್ನು ಸೇರಿಸಿ ನೀವು ಒಂದು ಸಭೆ ಕರೆಯಿರಿ. ನಾನೂ ನನ್ನಂಥ ಇತರ ನಿವೃತ್ತ ಅಧ್ಯಾಪಕರೂ ಸಂಬಳವಿಲ್ಲದೆ ಬಂದು ಕಲಿಸಲು ಸಿದ್ಧರಿದ್ದೇವೆ. ಸಭೆಯ ದಿನ ತಿಳಿಸಿದರೆ ಸಾಕು.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಅಧ್ಯಾಪಕ
ಎಣ್ಮಕಜೆ, ಕಾಸರಗೋಡು ಜಿಲ್ಲೆ