ಡಿ ಆಂಜಾ ಸೇರುವವರಿಗೆ

ಎಲ್ಲರಿಗೂ ನಮಸ್ಕಾರ. ಕೂಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯಬೇಕು ಅಂತಿರುವವರು ಗಮನಿಸಿ. ಕ್ಯಾಲಿಫೋರ್ನಿಯಾ ನಿವಾಸಿಗಳ ಲೆಕ್ಕಕ್ಕೆ ಬಂದರೆ ಯೂನಿಟ್‌ಗೆ (ಕ್ಲಾಸಿನ ಪ್ರಮಾಣ ಅಳೆಯುವ ಲೆಕ್ಕ) 31 ಡಾಲರ್. ನಾಲ್ಕೂವರೆ ಯೂನಿಟ್‌ನ ಕ್ಲಾಸಿಗೆ 139.50, ಸಣ್ಣಪುಟ್ಟ ಫೀಸು ಬೇರೆ. ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ ಅಥವಾ ಮಕ್ಕಳ ವೀಸಾದಲ್ಲಿದ್ದರೂ ಓದಬಹುದು, ಎಫ್-1 ವಿದ್ಯಾರ್ಥಿ ವೀಸಾ ಬೇಕಿಲ್ಲ. ಆದರೆ ಇದು ಕ್ವಾರ್ಟರ್ ಪದ್ಧತಿ, 12 ವಾರಕ್ಕೆ ಮುಗಿದೇ ಹೋಗುತ್ತದೆ. ಒಂದು ವಾರ ತಪ್ಪಿದರೆ ಹಿಡಿಯೋದು ಕಷ್ಟ. ಮೊದಲ ಸಲ ಒಂದೇ ಕ್ಲಾಸ್ ಸಾಕು, ಜಾಸ್ತಿ ಬೇಡ.

ವೆಬ್ ಕ್ಲಾಸಿನವರೇ, ಫೈಲ್ ಹೆಸರು ಸಣ್ಣಕ್ಷರದಲ್ಲೇ ಇಡಿ. ನನ್ನ ಫೋಟೋ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಕಾಣುತ್ತಿತ್ತು, ಸರ್ವರ್‌ಗೆ ಹಾಕಿದ ಮೇಲೆ ಮಾಯ. ಫೈಲ್ ಹೆಸರಿನ ಕೊನೆಯ ‘ಜೆಪಿಜಿ’ ದೊಡ್ಡಕ್ಷರದಲ್ಲಿತ್ತು, ಆ ಸರ್ವರ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ, ಅಷ್ಟೇ! ಸುಮ್ನೆ ಎರಡು ಗಂಟೆ ಹೋಯಿತು.

ಶನಿವಾರ ಬೆಳಿಗ್ಗೆ 11ಕ್ಕೆ ಲೈಬ್ರರಿಯಲ್ಲಿ ಸಿಗೋಣ. ಚಾರ್ಜರ್ ಮರೆಯಬೇಡಿ.