18 ರೂಟು, ಒಂದು ಏರ್ ಬೆಡ್ಡು: ಮಗಳಿಗೊಂದು ಪತ್ರ

ಕುಷ್ಟಗಿ
ಭಾನುವಾರ ರಾತ್ರಿ

ನನ್ನವ್ವಾ,

ಮೊನ್ನೆ ಫೋನಿನಲ್ಲಿ ನೀನು ಅತ್ತಾಗ ನನಗೆ ಮಾತೇ ಹೊರಡಲಿಲ್ಲ. ಸುಮ್ನೆ "ಊಟ ಆಯ್ತಾ" ಅಂತ ಕೇಳಿ ಫೋನು ನಿಮ್ಮವ್ವನ ಕೈಗೆ ಕೊಟ್ಟುಬಿಟ್ಟೆ. ಆಮೇಲೆ ನಾಚಿಕೆ ಆಯಿತು. ಮೂವತ್ತು ವರ್ಷ ಕಂಡಕ್ಟರಾಗಿ ಬಸ್ಸಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿದವನು ನಾನು. ಮಗಳು ಅತ್ತರೆ ಒಂದು ಮಾತು ಹುಟ್ಟಲಿಲ್ಲ ನೋಡು.

ನೀನು ಹೇಳಿದ್ದು ಕಣ್ಣ ಮುಂದೆಯೇ ಇದೆ. ಕೌಲ್ ಬಜಾರಿನ ಆ ಮನೆ. ಒಂದೇ ಕೋಣೆ, ತಗಡಿನ ಸೂರು, ಅದರ ಮೇಲೆ ಬಳ್ಳಾರಿಯ ಬಿಸಿಲು. ಸೊಂಟದ ಹತ್ತಿರ ಅಂಗೈ ಅಗಲ ಹುಣ್ಣಾದ ಅಜ್ಜ. ನೀನು ಡ್ರೆಸ್ಸಿಂಗ್ ಮಾಡಿ ಬಂದರೆ ಮರುದಿನ ಮತ್ತೆ ಅದೇ ಒದ್ದೆ ಬಟ್ಟೆ. "ಆಸ್ಪತ್ರೆ ಆದರೆ ವಾರ್ಡು ಇರುತ್ತೆ, ಡಾಕ್ಟರ್ ಇರ್ತಾರೆ. ಇಲ್ಲಿ ನಾನೊಬ್ಬಳೇ. ನೆಲ ಒರೆಸಿ, ಬಟ್ಟೆ ಮಡಚಿ ಬರ್ತೀನಿ. ಇದು ನರ್ಸ್ ಕೆಲಸಾನಾ ಅಪ್ಪಾ, ಮನೆಗೆಲಸಾನಾ?" ಅಂದೆ. ಮನೆಮನೆಗೆ ನರ್ಸನ್ನು ಕಳಿಸುವ ಆ ಟ್ರಸ್ಟಿಗೆ ನೀನು ಸೇರಿ ಒಂದು ತಿಂಗಳು ಆಗಿದೆ, ಅಲ್ವಾ?

ನೀನು ಬಿಟ್ಟುಹೋದ ಕಮ್ಯುನಿಟಿ ಹೆಲ್ತ್ ಪುಸ್ತಕ ಗೂಡಿನಲ್ಲೇ ಇತ್ತು. ನಿದ್ದೆ ಬರಲಿಲ್ಲ, ತೆಗೆದೆ. ಇಂಗ್ಲಿಷು ನನಗೆ ತಿಣುಕಿ ತಿಣುಕಿ ಓದುವಷ್ಟು ಬರುತ್ತೆ. ವಿಲಿಯಂ ರಾಥ್‌ಬೋನ್ ಎಂಬ ಹೆಸರಿನ ಕೆಳಗೆ ನೀನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀಯ. ಎರಡು ಮಾರ್ಕಿನ ಪ್ರಶ್ನೆ ಇರಬೇಕು. ಪುಸ್ತಕದಲ್ಲಿ ಇದ್ದದ್ದೂ ಮೂರೇ ಸಾಲು. ಉಳಿದದ್ದನ್ನು ಮೊಬೈಲಿನಲ್ಲಿ ಹುಡುಕಿ ಓದಿದೆ. ನಾಲ್ಕು ರಾತ್ರಿ ಹಿಡಿಯಿತು.

ಆ ಮನುಷ್ಯ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ದೊಡ್ಡ ವ್ಯಾಪಾರಿ. 1859ರಲ್ಲಿ ಅವನ ಹೆಂಡತಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳನ್ನು ಮನೆಯಲ್ಲೇ ನೋಡಿಕೊಂಡವಳು ಮೇರಿ ರಾಬಿನ್ಸನ್ ಎಂಬ ನರ್ಸು. ಹೆಂಡತಿ ಹೋದ ಮೇಲೆ ರಾಥ್‌ಬೋನನಿಗೆ ಒಂದು ವಿಚಾರ ಕೊರೆಯಿತು: ಎಲ್ಲ ಅನುಕೂಲ ಇರುವ ನನ್ನ ಮನೆಗೇ ಈ ಹೆಣ್ಣುಮಗಳಿಂದ ಇಷ್ಟು ಆಸರೆ ಆಯಿತು, ಏನೂ ಇಲ್ಲದವರ ಮನೆಯ ಗತಿ ಏನು? ಅವಳನ್ನೇ ಕರೆದು, ಮೂರು ತಿಂಗಳ ಸಂಬಳ ನಾನು ಕೊಡುತ್ತೇನೆ, ಬಡವರ ಓಣಿಗಳಿಗೆ ಹೋಗಿ ರೋಗಿಗಳನ್ನು ನೋಡು, ಮನೆಯವರಿಗೂ ಕಲಿಸು ಅಂದ.

ಒಂದೇ ತಿಂಗಳಿಗೆ ಮೇರಿ ಅಳುತ್ತಾ ವಾಪಸ್ ಬಂದಳು. ಆ ಗೋಳು ನೋಡಲಾರೆ, ನನ್ನಿಂದ ಆಗಲ್ಲ ಅಂದಳು. ಇಲ್ಲಿಗೆ ಬಂದಾಗ ನಾನು ಮೊಬೈಲು ಕೆಳಗಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ರಾಥ್‌ಬೋನ್ ಅವಳನ್ನು ಬೈಯಲಿಲ್ಲ. ಮಾತು ಕೊಟ್ಟ ಮೂರು ತಿಂಗಳು ಮುಗಿಯಲಿ ಅಂತ ಒಪ್ಪಿಸಿದ. ಅವಧಿ ಮುಗಿದಾಗ ಮೇರಿಗೆ ಶ್ರೀಮಂತರ ಮನೆ ಕೆಲಸಕ್ಕೆ ಮರಳುವ ಮನಸ್ಸೇ ಇರಲಿಲ್ಲ. ಈ ಓಣಿಗಳೇ ಸಾಕು ಅಂದಳಂತೆ. ನಡುವಿನ ಆ ಎರಡು ತಿಂಗಳಲ್ಲಿ ಏನಾಯಿತು ಅಂತ ಅವಳ ಬಾಯಿಂದಲೇ ಕೇಳುವ ಆಸೆ ನನಗೆ. ಆದರೆ ಕಥೆ ಬರೆದಿಟ್ಟವನು ರಾಥ್‌ಬೋನ್. ಬಸ್ ಓಡಿಸಿದವನು ಒಬ್ಬ, ರಿಪೋರ್ಟ್ ಬರೆದವನು ಇನ್ನೊಬ್ಬ.

ಆಮೇಲೆ ಅವನಿಗೆ ಇನ್ನಷ್ಟು ನರ್ಸುಗಳು ಬೇಕಾದರು, ಎಲ್ಲೂ ಸಿಗಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್‌ಗೆ ಬರೆದ. ನಿಮ್ಮ ಊರಿನಲ್ಲೇ ತರಬೇತಿ ಕೊಡಿ ಎಂಬ ಸಲಹೆ ಬಂತು. 1862ರಲ್ಲಿ ಅಲ್ಲಿಯ ಆಸ್ಪತ್ರೆಯ ಜೊತೆಗೇ ಒಂದು ಶಾಲೆ ಎದ್ದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಇಡೀ ಲಿವರ್‌ಪೂಲನ್ನು 18 ಭಾಗ ಮಾಡಿ ಒಂದೊಂದಕ್ಕೆ ನರ್ಸನ್ನು ಹಾಕಿದರು. ಪ್ರತಿ ಭಾಗದ ಉಸ್ತುವಾರಿಗೆ ಊರಿನ ಹೆಂಗಸರು. ಓದುತ್ತಾ ನಗು ಬಂತು. 18 ರೂಟು, 18 ಕಂಡಕ್ಟರು, ಒಂದು ಡಿಪೋ. ನಮ್ಮ ಲೆಕ್ಕವೇ!

ಮನೆಗೆಲಸಾನಾ ಅಂತ ಕೇಳಿದೆಯಲ್ಲ, ಅದಕ್ಕೆ ನಿನ್ನ ಅಜ್ಜಿಯ ಕಥೆ ಹೇಳಬೇಕು. ಅಜ್ಜಿಗೆ ಲಕ್ವಾ ಹೊಡೆದಾಗ ನೀನು ಹಾಸ್ಟೆಲಿನಲ್ಲಿದ್ದೆ, ಎಲ್ಲವನ್ನೂ ನಿನಗೆ ಹೇಳಿರಲಿಲ್ಲ. ಹನ್ನೆರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಇನ್ನು ಮನೆಗೆ ಕರಕೊಂಡು ಹೋಗಿ ಅಂದರು. ಗುಳಿಗೆ ಚೀಟಿ ಕೊಟ್ಟರು. ಹೊರಳಿಸಬೇಕು ಅಂತ ಒಬ್ಬರೂ ಹೇಳಲಿಲ್ಲ. ಅಲುಗಾಡಿಸಿದರೆ ನೋವಾಗುತ್ತೆ ಅಂತ ನಾವು ಮುಟ್ಟಲೇ ಇಲ್ಲ. ಪ್ರೀತಿಯಿಂದಲೇ ಹಾಗೆ ಬಿಟ್ಟೆವು. ಮೂರನೇ ವಾರ ನಿಮ್ಮವ್ವ ಸೀರೆ ಬದಲಿಸುವಾಗ ಕಂಡದ್ದನ್ನು ನಾನು ಬರೆಯಲಾರೆ. ನೀನು ಕೌಲ್ ಬಜಾರಿನಲ್ಲಿ ದಿನಾ ನೋಡುತ್ತಿದ್ದೀಯ.

ಆಗ ಬಂದವರು ಹಿಂದಿನ ಓಣಿಯ ನರ್ಸಮ್ಮ, ರಿಟೈರ್ ಆಗಿ ಮನೆಯಲ್ಲಿದ್ದರು. ಬಂದವರು ಅಜ್ಜಿಯನ್ನು ಮೊದಲು ಮುಟ್ಟಲೇ ಇಲ್ಲ. ಕಿಟಕಿ ತೆಗೆಸಿದರು. ಮಂಚವನ್ನು ಗೋಡೆಯಿಂದ ಎಳೆಸಿ ಎರಡೂ ಕಡೆ ಜಾಗ ಮಾಡಿಸಿದರು. ಹಳೆ ಸೀರೆ ಮಡಚಿ ಮಡಚಿ ಹಾಸಿಗೆಯ ಮೇಲೆ ಪಟ್ಟಿ ಮಾಡಿದರು. ಆಮೇಲೆ ನಿಮ್ಮವ್ವನ ಕೈ ಹಿಡಿದು, ಭುಜಕ್ಕೆ ಒಂದು ಕೈ, ಸೊಂಟಕ್ಕೆ ಒಂದು ಕೈ, ಹೀಗೆ ಹೊರಳಿಸು ಅಂತ ತೋರಿಸಿದರು. ಎರಡು ತಾಸಿಗೊಮ್ಮೆ. ಎಡಮಗ್ಗಲು, ಅಂಗಾತ, ಬಲಮಗ್ಗಲು. ನಾನು ಬಸ್ಸಿನ ಟಿಕೆಟ್ ಲೆಕ್ಕ ಬರೆಯುವ ಹಳೆ ವೇಬಿಲ್ ಹಾಳೆಯ ಹಿಂದೆ ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ರಾತ್ರಿ ಟ್ರಿಪ್ಪುಗಳು ನನ್ನವು. ಹುಣ್ಣು ಮಾಯಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಅಜ್ಜಿ ಒಂದೂವರೆ ವರ್ಷ ಇದ್ದಳು.

ರೋಗಿಯ ಜೊತೆಗೆ ಕೋಣೆಯನ್ನೂ ನರ್ಸು ಆರೈಕೆ ಮಾಡಬೇಕು ಅಂತ ನೈಟಿಂಗೇಲ್ ಬರೆದಿದ್ದಾಳಂತೆ. ನಮ್ಮ ನರ್ಸಮ್ಮ ಅದನ್ನು ಓದಿದ್ದರೋ ಇಲ್ಲವೋ, ಮಾಡಿದ್ದು ಅದನ್ನೇ.

ಮುಂದೆ ಲಂಡನ್ನಿನಲ್ಲಿ ಒಂದು ನಿಯಮ ತಂದರು: ಮನೆಗೆ ಹೋದ ನರ್ಸು ದುಡ್ಡು, ಬಟ್ಟೆ ಹಂಚಬಾರದು. ಮೊದಲು ಓದಿದಾಗ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಕಂಡಕ್ಟರ್ ತನ್ನ ಜೇಬಿನಿಂದ ಒಬ್ಬರಿಗೆ ಟಿಕೆಟ್ ಹರಿದರೆ ಮರುದಿನದಿಂದ ಜನ ಅವನ ಮುಖವಲ್ಲ, ಜೇಬು ನೋಡುತ್ತಾರೆ. (ನಾನು ಹರಿದಿಲ್ಲವಾ? ಹರಿದಿದ್ದೇನೆ. ನಿಮ್ಮವ್ವನಿಗೆ ಗೊತ್ತು.)

ಅಮೆರಿಕದ ಕಥೆಯೂ ಸಿಕ್ಕಿತು. 1893ರಲ್ಲಿ ನ್ಯೂಯಾರ್ಕಿನಲ್ಲಿ ಲಿಲಿಯನ್ ವಾಲ್ಡ್ ಎಂಬ ನರ್ಸು, ನಿನಗಿಂತ ಎರಡು ಮೂರು ವರ್ಷ ದೊಡ್ಡವಳು ಅಷ್ಟೇ, ಬಡ ಹೆಂಗಸರಿಗೆ ಪಾಠ ಮಾಡುತ್ತಿದ್ದಳು. ಒಂದು ಪುಟ್ಟ ಹುಡುಗಿ ಬಂದು ನನ್ನ ಅಮ್ಮನನ್ನು ನೋಡು ಬಾ ಅಂತ ಕರೆದೊಯ್ದಿತು. ಬಾಣಂತಿ ರಕ್ತಸ್ರಾವದಲ್ಲಿ ಬಿದ್ದಿದ್ದಳು. ವಾಲ್ಡ್ ಅಂದಿನಿಂದ ಆ ಬಡಾವಣೆಯಲ್ಲೇ ಮನೆ ಮಾಡಿದಳು. ಅವಳು ಕಟ್ಟಿದ ಹೆನ್ರಿ ಸ್ಟ್ರೀಟ್ ಸಂಸ್ಥೆಯ ನರ್ಸುಗಳು ಮೆಟ್ಟಿಲು ಹತ್ತಿ ಇಳಿಯುವ ಕಷ್ಟ ತಪ್ಪಿಸಲು ಒಂದು ಕಟ್ಟಡದ ಮಾಳಿಗೆಯಿಂದ ಪಕ್ಕದ ಕಟ್ಟಡದ ಮಾಳಿಗೆಗೆ ದಾಟುತ್ತಿದ್ದರು. ಅದರ ಫೋಟೊ ಇದೆ, ಕಳಿಸಿದ್ದೇನೆ ನೋಡು. ಬ್ಯಾಗು ಹಿಡಿದು ಗೋಡೆ ದಾಟುತ್ತಿರುವ ಹೆಣ್ಣುಮಗಳು. ಸಣ್ಣವಳಿದ್ದಾಗ ನೀನು ನಮ್ಮ ಮಾಳಿಗೆಯಿಂದ ಜಿಗಿದು ಅಜ್ಜಿ ಮನೆಗೆ ಹೋಗುತ್ತಿದ್ದೆಯಲ್ಲ, ಥೇಟ್ ಹಾಗೆ.

ಇನ್ನು ರಸೀದಿ ಪುಸ್ತಕದ ವಿಷಯ. ಟ್ರಸ್ಟಿಗಾಗಿ ಜನರ ಹತ್ತಿರ ಚಂದಾ ಕೇಳಲು ಮುಜುಗರ ಅಂತ ನೀನು ಅಂದೆ. ಚಿಲ್ಲರೆ ಎಣಿಸಿ ಬದುಕಿದವನ ಮಗಳು ನೀನು! ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಮನೆಗೆ ವಾರಕ್ಕೊಂದು ಪೆನ್ನಿ ಕೂಡಿಸಿ ನರ್ಸನ್ನು ಇಟ್ಟುಕೊಂಡಿದ್ದರು. 1948ರಲ್ಲಿ ಸರ್ಕಾರದ ಆರೋಗ್ಯ ಸೇವೆ ಬರುವವರೆಗೂ ಚಿಲ್ಲರೆಯೇ ಆಧಾರ. ಅಷ್ಟು ದೂರ ಯಾಕೆ, ಕೇರಳ ನೋಡು. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ರಾಜಗೋಪಾಲ್, ಸುರೇಶ್ ಕುಮಾರ್ ಮುಂತಾದ ಡಾಕ್ಟರುಗಳು ನೋವಿನಲ್ಲಿರುವ ರೋಗಿಗಳಿಗೆ ಅಂತ ಒಂದು ಸಂಸ್ಥೆ ಮಾಡಿದರು. ಆಸ್ಪತ್ರೆಗೆ ಬರಲಾಗದವರೇ ಜಾಸ್ತಿ ಅಂತ ಗೊತ್ತಾದಾಗ ಓಣಿಯ ಜನರಿಗೇ ತರಬೇತಿ ಕೊಟ್ಟರು. ಅವರು ಸಣ್ಣ ಸಣ್ಣ ದುಡ್ಡು ಕೂಡಿಸಿ ನರ್ಸಿನ ಜೊತೆ ಮನೆಮನೆಗೆ ಹೋದರು. 2008ರಲ್ಲಿ ಅಲ್ಲಿನ ಸರ್ಕಾರವೇ ಅದಕ್ಕೆ ನೀತಿ ಮಾಡಿತು, ಈಗ ಪಂಚಾಯಿತಿಗಳಲ್ಲಿ ಅಂಥ ನರ್ಸು ಇದ್ದಾರೆ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯದವರೂ ಕಟ್ಟಡ ಏಳುವ ಮೊದಲೇ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಲು ಶುರು ಮಾಡಿದ್ದರು.

ಕೊಪ್ಪಳದ ಗವಿಮಠದ ಜಾತ್ರೆಗೆ ರೊಟ್ಟಿ ಎಲ್ಲಿಂದ ಬರುತ್ತೆ ಹೇಳು? ಒಂದೊಂದು ಊರಿನವರು ಮನೆಮನೆಯಲ್ಲಿ ಬಡಿದು, ಟ್ರ್ಯಾಕ್ಟರಿನಲ್ಲಿ ಹೇರಿ ತರುತ್ತಾರೆ. ಯಾರ ಮನೆಯದು ಹತ್ತು, ಯಾರ ಮನೆಯದು ನೂರು ಅಂತ ದಾಸೋಹದಲ್ಲಿ ಉಂಡವರು ಕೇಳುವುದಿಲ್ಲ. ನಮ್ಮ ಭಾಗದಲ್ಲಿ ರೊಟ್ಟಿ ಕೊಡುವ ಜನ ನರ್ಸಿಗೆ ಹತ್ತು ರೂಪಾಯಿ ಕೊಡಲ್ಲವಾ? ಕೇಳುವವರು ಬೇಕು ಅಷ್ಟೇ. ರಸೀದಿ ಮಾತ್ರ ತಪ್ಪದೆ ಹರಿ.

ಮೂರು ತಿಂಗಳು ಆಗಲಿ. ಆಮೇಲೆ ಬಿಟ್ಟು ಬರ್ತೀನಿ ಅಂದರೆ ಯಾಕೆ ಅಂತ ಕೇಳಲ್ಲ.

ಈ ಪತ್ರವನ್ನು ಬೆಳಗಿನ ಬಳ್ಳಾರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತೇನೆ, ಸ್ಟ್ಯಾಂಡಿಗೆ ಬಂದು ಇಸಕೋ. ಗುರುವಾರ ನಾನೇ ಬರುತ್ತೇನೆ. ಅಜ್ಜಿಯ ಏರ್ ಬೆಡ್ಡು, ಆ ಗಾಳಿ ಹಾಸಿಗೆ, ಅಟ್ಟದಿಂದ ಇಳಿಸಿ ತೊಳೆದಿದ್ದೇನೆ. ಪಂಪು ಎರಡು ದಿನ ಓಡಿಸಿ ನೋಡಿದೆ, ಸ್ವಲ್ಪ ಗುರ್ ಅನ್ನುತ್ತೆ, ಆದರೆ ಹಾಸಿಗೆಯಲ್ಲಿ ಗಾಳಿ ಸೋರದೆ ಉಳಿಯುತ್ತೆ. ಕೌಲ್ ಬಜಾರಿನ ಅಜ್ಜನಿಗೆ ಇರಲಿ. ಅವರ ಮಗ ಆ ಹೊತ್ತಿಗೆ ಮನೆಯಲ್ಲಿರಲಿ ಅಂತ ಹೇಳು. ಹೊರಳಿಸುವುದು ಹೇಗೆ ಅಂತ ಅವನಿಗೆ ನಾನು ತೋರಿಸುತ್ತೇನೆ. ಗೋಡೆಗೆ ಅಂಟಿಸಲು ಟೈಮ್ ಟೇಬಲ್ಲೂ ಬರೆದಿಟ್ಟಿದ್ದೇನೆ.

ನಿಮ್ಮವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾಳೆ.

ನಿನ್ನ ಅಪ್ಪ